ಕೊಳಗದಿಂದ ಕಾನೂನಿನವರೆಗೆ: ಶಾಸಕ ಶಾಂತವೇರಿ ಗೋಪಾಲಗೌಡರು

ಎಂ.ಎ. ತರಗತಿಯಲ್ಲಿ ಅನಂತಮೂರ್ತಿಯವರ ‘ಅವಸ್ಥೆ’ಯನ್ನು ಪಾಠ ಹೇಳುವಾಗಲೆಲ್ಲ ವಿದ್ಯಾರ್ಥಿಗಳು ನನ್ನನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ: ಕೃಷ್ಣಪ್ಪಗೌಡನೆಂದರೆ ಶಾಂತವೇರಿ ಗೋಪಾಲಗೌಡರೇ ಅಲ್ಲವೇ? 1978ರ ಆ ಕಾದಂಬರಿಗೆ ಗೌಡರ ಬದುಕು ಪ್ರೇರಣೆಯಾದದ್ದು ನಿಜ. ಆದರೆ ಕಾದಂಬರಿಕಾರರು ಹಿಡಿಯಹೊರಟದ್ದು ಒಬ್ಬ ಮನುಷ್ಯನ ಅಂತರಂಗದ ಇಬ್ಬಂದಿಯನ್ನು. ಗೌಡರು ಶಾಸಕರಾಗಿ ಮಾಡಿದ್ದೇನು ಎಂಬುದು ಅಲ್ಲಿ ಸಿಗದು. ಎಂದೂ ಮಂತ್ರಿಯಾಗದೆ, ಸದಾ ವಿರೋಧಪಕ್ಷದ ಸಾಲಿನಲ್ಲೇ ಕುಳಿತ ಒಬ್ಬ ಶಾಸಕನಿಂದ ನಾಡಿಗೆ ಆಗಬಹುದಾದದ್ದೇನು? ಈ ಹೊತ್ತು ಅದನ್ನು ತುಸು ವಿಚಾರಿಸೋಣ.

ಗೌಡರು ಹುಟ್ಟಿದ್ದು 1923ರಲ್ಲಿ, ತೀರ್ಥಹಳ್ಳಿ ಸೀಮೆಯಲ್ಲಿ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. ಅನಂತರ ಸಮಾಜವಾದಿ ಪಕ್ಷ ಸೇರಿದರು. ಅವರನ್ನು ನಾಡು ಗುರುತಿಸುವಂತೆ ಮಾಡಿದ್ದು 1951ರ ಕಾಗೋಡು ಸತ್ಯಾಗ್ರಹ.

ಸಾಗರ ತಾಲ್ಲೂಕಿನ ಈ ಹಳ್ಳಿಯ ಜಗಳದ ಮೂಲದಲ್ಲಿದ್ದುದು ಒಂದು ಅಳತೆಯ ಪಾತ್ರೆ. ಗೇಣಿದಾರನು ಒಡೆಯನಿಗೆ ಗೇಣಿಯನ್ನು ಭತ್ತದ ರೂಪದಲ್ಲಿ, ಕೊಳಗದಿಂದ ಅಳೆದು ಕೊಡಬೇಕಿತ್ತು. ಅಳೆಯುವ ಕೊಳಗ ಮಾತ್ರ ವಾಡಿಕೆಯದಕ್ಕಿಂತ ದೊಡ್ಡದೆಂಬುದು ಒಕ್ಕಲುಗಳ ದೂರು. ಪಟ್ಟಣದವರಿಗೆ ಇದು ಅಲ್ಪ ವಿಷಯವೆಂದು ತೋರೀತು. ಲೆಕ್ಕ ಹಾಕಿ ನೋಡಿ: ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗವೊಂದರಲ್ಲಿ ಅರ್ಧ ಸೇರು ಹೆಚ್ಚಿದ್ದರೂ ಖಂಡುಗಕ್ಕೆ ಹತ್ತು ಸೇರು ಭತ್ತ ಒಕ್ಕಲಿನ ಕಣದಿಂದ ಸುಮ್ಮನೆ ಹೊರಟುಹೋಗುತ್ತದೆ. ಗೇಣಿಯ ದರ ಏರಿಸಿದರೆ ಎದುರು ಮಾತನಾಡಬಹುದು. ಪಾತ್ರೆಯೇ ದೊಡ್ಡದಾದರೆ ಯಾವ ಮಾತಿನಿಂದ ವಾದಿಸುವುದು? ಎಚ್. ಗಣಪತಿಯಪ್ಪನವರು ಒಕ್ಕಲುಗಳನ್ನು, ಅವರಲ್ಲೂ ದೀವರನ್ನು, ಸಂಘಟಿಸಿದ್ದರು. ಸಮಾಜವಾದಿಗಳು ಜೊತೆಗೂಡಿದರು. ಏಪ್ರಿಲ್ ತಿಂಗಳಲ್ಲಿ ಜನ ನಿಷೇಧವನ್ನು ಮೀರಿ ಗದ್ದೆಗಿಳಿದು ನೇಗಿಲು ಹೂಡಿದರು, ಸಾಲುಸಾಲಾಗಿ ಸೆರೆಯಾದರು. ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಲಾಯಿತು.

ಮರುವರ್ಷವೇ ಚುನಾವಣೆ. ಮೂವತ್ತು ತುಂಬದ ಗೌಡರು ಸಾಗರ ಸೀಮೆಯಿಂದ ಗೆದ್ದರು. ಒಂದು ವೋಟಿನ ಜೊತೆಗೆ ಒಂದು ರೂಪಾಯಿಯ ನೋಟನ್ನೂ ಕೊಡಿ ಎಂದು ಮತದಾರರನ್ನೇ ಅವರು ಬೇಡಿದ್ದರೆಂಬ ಮಾತು ಮಲೆನಾಡಿನಲ್ಲಿ ಪ್ರಸಿದ್ಧ. 99 ಸ್ಥಾನಗಳ ಮೈಸೂರು ವಿಧಾನಸಭೆಯಲ್ಲಿ ಅವರ ಪಕ್ಷದವರು ಕೇವಲ ಮೂವರು. ಮೂವರಿಂದ ಮಸೂದೆ ಗೆಲ್ಲದು, ಸರ್ಕಾರ ಬೀಳದು. ಇಂಥ ಶಾಸಕನ ಕೈಯಲ್ಲಿ ಉಳಿಯುವುದು ಪ್ರಶ್ನೆ ಮತ್ತು ಭಾಷಣ. ಪ್ರಶ್ನೆ ಕೇಳಿದರೆ ಮಂತ್ರಿ ಉತ್ತರಿಸಲೇಬೇಕು. ಉತ್ತರ ಸದನದ ಕಡತ ಸೇರುತ್ತದೆ. ಕಣದಲ್ಲಿ ಗೊಣಗಾಟವಾಗಿದ್ದದ್ದು ಹಾಗೆ ದಾಖಲೆಯಾಗುತ್ತದೆ. ಸೋತ ಮಸೂದೆಗಳನ್ನಷ್ಟೇ ಎಣಿಸಿ ವಿರೋಧಪಕ್ಷದವರನ್ನು ಅಳೆಯುವ ನಮ್ಮ ರೂಢಿಯೂ ಒಂದು ಬಗೆಯ ದೊಡ್ಡ ಕೊಳಗವೇ ಎಂದು ನನಗೆ ಅನ್ನಿಸುವುದುಂಟು.

1957ರಲ್ಲಿ ಸೋತು, 1962 ಮತ್ತು 1967ರಲ್ಲಿ ಅವರು ತೀರ್ಥಹಳ್ಳಿಯಿಂದ ಮರಳಿ ಸದನಕ್ಕೆ ಬಂದರು. ಆಡಳಿತ ಕನ್ನಡದಲ್ಲಿ ನಡೆಯಬೇಕೆಂಬ ಹಟ ಅವರದು. ಇದನ್ನು ಬರಿಯ ಭಾಷಾಭಿಮಾನವೆಂದು ನಾನು ಓದಲಾರೆ. ನೋಟೀಸು ಇಂಗ್ಲಿಷಿನಲ್ಲಿ ಬಂದರೆ ಒಕ್ಕಲು ಅದನ್ನು ಓದಿಸಲು ಬೇರೊಬ್ಬನ ಬಾಗಿಲಿಗೆ ಹೋಗಬೇಕು. ಆ ಬಾಗಿಲು ಎಷ್ಟೋ ಬಾರಿ ಒಡೆಯನದೇ. ಕೊಳಗದ ಮಾತೂ ಕನ್ನಡದ ಮಾತೂ ಅವರಿಗೆ ಬೇರೆಬೇರೆಯಾಗಿರಲಿಲ್ಲ. ಏಕೀಕರಣದ ಅನಂತರವೂ ಉಳಿದುಕೊಂಡಿದ್ದ ಮೈಸೂರು ಎಂಬ ಹೆಸರನ್ನು ಬಿಟ್ಟು ರಾಜ್ಯವನ್ನು ಕರ್ನಾಟಕವೆಂದು ಕರೆಯಬೇಕೆಂದು ವಾದಿಸಿದವರಲ್ಲಿ ಅವರೂ ಒಬ್ಬರು. ಸಾಹಿತಿಗಳ ಒಡನಾಟವೂ ಅವರಿಗೆ ಹಿತವಾಗಿತ್ತು. ಗೋಪಾಲಕೃಷ್ಣ ಅಡಿಗರು ಅವರನ್ನು ಕುರಿತು ಕವಿತೆಯನ್ನೇ ಬರೆದರು.

ಕೊನೆಯ ದಿನಗಳನ್ನು ಕಾಯಿಲೆ ನುಂಗಿತು. 1972ರ ಜೂನ್ 9ರಂದು ತೀರಿಕೊಂಡಾಗ ಅವರಿಗೆ ನಲವತ್ತೊಂಬತ್ತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ದೇವರಾಜ ಅರಸರ ಸರ್ಕಾರ 1961ರ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಗಿ, ಗೇಣಿಯ ಜಮೀನುಗಳೆಲ್ಲ ಸರ್ಕಾರದ ವಶಕ್ಕೆ ಬಂದವು. ಒಕ್ಕಲು ನಮೂನೆ ಏಳರಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮುಂದೆ ನಿಂತು ತನ್ನ ಹಕ್ಕನ್ನು ಕೇಳಬಹುದಾಯಿತು. ಆ ಕಾನೂನಿನ ಕೀರ್ತಿ ಅರಸರಿಗೆ ಸಲ್ಲಬೇಕು, ಸಂದಿದೆ. ಆದರೆ ಅದಕ್ಕೆ ಬೇಕಾದ ಮಾತನ್ನು ಇಪ್ಪತ್ತು ವರ್ಷಗಳಿಂದ ಸದನಕ್ಕೆ ರೂಢಿ ಮಾಡಿಸಿದವರ ಸಾಲಿನಲ್ಲಿ ಗೌಡರಿದ್ದರು. ಎಲ್ಲರಿಗೂ ಭೂಮಿ ಸಿಕ್ಕಿತೆಂದಲ್ಲ. ಬಾಯಿಮಾತಿನ ಗೇಣಿಗೆ ಕಾಗದವೆಲ್ಲಿ? ನೇಗಿಲು ಹಿಡಿದ ಕೈಯನ್ನೇ ಸಾಕ್ಷಿಯಾಗಿ ತೋರಿಸಬೇಕಾದವರು ಅನೇಕರು.

2020ರಲ್ಲಿ ಅದೇ ಕಾಯಿದೆಗೆ ಮತ್ತೊಂದು ತಿದ್ದುಪಡಿ ಬಂದು, ಕೃಷಿಕರಲ್ಲದವರೂ ಸಾಗುವಳಿ ಜಮೀನು ಕೊಳ್ಳಲು ದಾರಿಯಾಯಿತು. ಬೆಂಗಳೂರಿನಲ್ಲಿ ವಿಧಾನಸೌಧದ ಸಮೀಪದ ವೃತ್ತಕ್ಕೆ ಗೋಪಾಲಗೌಡರ ಹೆಸರಿದೆ. ಶಾಸಕರ ಕಾರುಗಳು ಅಲ್ಲೇ ತಿರುಗಿಕೊಂಡು ಹೋಗುತ್ತವೆ.