ಬೇಲಿಯ ಮೇಲಿನ ಮಂಗರವಳ್ಳಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಬೇಲಿಗಳಲ್ಲಿ ಕಾಣುವ ಕತ್ತಾಳೆ, ಪಾಪಾಸುಕಳ್ಳಿಗಳನ್ನು ನಾವೆಲ್ಲ ಈ ಬಂಡೆನಾಡಿನ ಸ್ವಂತ ಗಿಡಗಳೆಂದೇ ಭಾವಿಸಿದ್ದೇವೆ. ಆದರೆ ಎರಡೂ ಅಮೆರಿಕ ಖಂಡದಿಂದ ಬಂದವು. ಪಾಪಾಸುಕಳ್ಳಿ ಹೊಲಗಳನ್ನು ನುಂಗತೊಡಗಿದ್ದರಿಂದ, ಅದನ್ನು ತಿನ್ನುವ ಕೊಚಿನೀಲ್ ಕೀಟವನ್ನು 1926ರಲ್ಲಿ ಸಿಂಹಳದಿಂದ ದಕ್ಷಿಣ ಭಾರತಕ್ಕೆ ತರಿಸಬೇಕಾಯಿತು.

ಇಲ್ಲಿಯದೇ ಆದ ರಸಗಾಂಡದ ಸಸ್ಯವೆಂದರೆ ಮಂಗರವಳ್ಳಿ. ನಾಲ್ಕು ಏಣಿನ, ಗಿಣ್ಣುಗಿಣ್ಣಾದ ಹಸಿರು ಬಳ್ಳಿ, ದ್ರಾಕ್ಷಿಯ ಕುಟುಂಬದ್ದು. ಇದರ ಕಾಂಡ ರಾತ್ರಿಯ ತಂಪಿನಲ್ಲಿ ಇಂಗಾಲಾಮ್ಲವನ್ನು ಹೀರಿಕೊಂಡು, ಹಗಲು ರಂಧ್ರಗಳನ್ನು ಮುಚ್ಚಿ ನೀರುಳಿಸುತ್ತದೆ. ಆದ್ದರಿಂದಲೇ ಬರಗಾಲದಲ್ಲೂ ಹಸಿರು. ಆಯುರ್ವೇದದಲ್ಲಿ ಇದು ಅಸ್ಥಿಸಂಹಾರ. ಮೂಳೆ ಮುರಿದವರಿಗೆ ಕೊಡುವುದು ವಾಡಿಕೆ. ಎಳೆ ಕುಡಿಯನ್ನು ಹುರಿದು, ನಾಲಿಗೆ ತುರಿಸದಂತೆ ಹುಣಸೆಹಣ್ಣು ಸೇರಿಸಿ ಚಟ್ನಿ ಅರೆಯುತ್ತಾರೆ.

ತೋಟಕ್ಕೆ ಮುಳ್ಳುತಂತಿ ಹಾಕಿಸಿದ ವರ್ಷ ನಾವೇ ಇದನ್ನು ಕಳೆಯೆಂದು ಬುಡಸಮೇತ ಕೀಳಿಸಿದೆವು. ಕತ್ತಾಳೆಯನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡೆವು! ಮುಂದೆ ಮನೆಯಲ್ಲಿ ಚಟ್ನಿಗೆ ಕೇಳಿದಾಗ ಒಂದು ಗಿಣ್ಣೂ ಸಿಗಲಿಲ್ಲ. ನೆರೆಯವರಿಂದ ಎರಡು ತುಂಡು ಬೇಡಿ ತಂದು ನೆಟ್ಟೆವು, ಮಳೆಗೆ ಚಿಗುರಿತು.

ಸದಸ್ಯ ಬಾಂಧವರು ಬೇಲಿ ಸವರಿಸುವ ಮುನ್ನ ಈ ಬಳ್ಳಿಯನ್ನು ಆಳುಗಳಿಗೂ ಮಕ್ಕಳಿಗೂ ತೋರಿಸಿ ಹೆಸರು ಹೇಳಿಕೊಡಬೇಕೆಂದು ಕೋರುತ್ತೇವೆ. ಗುರುತಿಲ್ಲದ ಗಿಡಕ್ಕೆ ಕುಡುಗೋಲು ಮೊದಲು ಬೀಳುತ್ತದೆ.