ಕಸದ ಬುಟ್ಟಿಯೊಳಗಿನ ವಿಷ

2019ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಮಂಗಳೂರು ನಗರದ ಅಂಚಿನ ಪಚ್ಚನಾಡಿಯಲ್ಲಿ ವರ್ಷಗಟ್ಟಲೆ ರಾಶಿಬಿದ್ದಿದ್ದ ಕಸದ ಗುಡ್ಡವು ಭಾರಿ ಮಳೆಗೆ ಜರಿದು, ಕೆಳಗಿನ ಮಂದಾರ ಪ್ರದೇಶದ ಅಡಿಕೆ, ತೆಂಗಿನ ತೋಟಗಳನ್ನೂ ಮನೆಗಳನ್ನೂ ಆವರಿಸಿತು. ಅಲ್ಲಿನ ಕುಟುಂಬಗಳು ಮನೆ ತೊರೆಯಬೇಕಾಯಿತು. ಆ ಗುಡ್ಡವನ್ನು ಬೆಳೆಸಿದವರು ಯಾರು? ದಿನಕ್ಕೊಂದು ಬುಟ್ಟಿಯಂತೆ ಕಸ ಸುರಿದ ನಾವೇ ಅಲ್ಲವೇ?

ಆ ಬುಟ್ಟಿಯಲ್ಲಿ ತರಕಾರಿ ಸಿಪ್ಪೆಯೊಡನೆ ಕೆಟ್ಟ ಸಿ.ಎಫ್.ಎಲ್. ದೀಪ, ಮುಗಿದ ಬ್ಯಾಟರಿ, ಅವಧಿ ಮೀರಿದ ಔಷಧ, ಬಣ್ಣದ ಡಬ್ಬಿ, ಜಿರಳೆಯ ಮದ್ದು ಮೊದಲಾದುವೂ ಸೇರಿರುವುದುಂಟು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇವನ್ನು ಅಪಾಯಕಾರಿ ಗೃಹತ್ಯಾಜ್ಯವೆಂದು ಗುರುತಿಸಿ, ಹಸಿ ಕಸದಿಂದಲೂ ಒಣ ಕಸದಿಂದಲೂ ಬೇರ್ಪಡಿಸಬೇಕೆಂದು ವಿಧಿಸಿದವು.

ಇಷ್ಟು ಸಣ್ಣ ವಸ್ತುಗಳಿಂದ ಏನಾದೀತು ಎಂಬ ಸಂದೇಹ ಸಹಜ. ಒಂದು ಸಿ.ಎಫ್.ಎಲ್. ದೀಪದಲ್ಲಿರುವ ಪಾದರಸವು ಕೆಲವೇ ಮಿಲಿಗ್ರಾಂ. ಗಾಜು ಒಡೆಯುವವರೆಗೆ ಅದು ಸೆರೆಯಲ್ಲಿರುತ್ತದೆ. ಆದರೆ ಕಸದ ರಾಶಿಯಲ್ಲಿ ಗಾಜು ಒಡೆಯುತ್ತದೆ, ಬ್ಯಾಟರಿಯ ತಗಡು ತುಕ್ಕು ಹಿಡಿಯುತ್ತದೆ. ಕೊಳೆಯುವ ಹಸಿ ಕಸದಿಂದ ಸಾವಯವ ಆಮ್ಲಗಳು ಹುಟ್ಟುತ್ತವೆ. ಅವುಗಳಲ್ಲಿ ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳು ಸುಲಭವಾಗಿ ಕರಗುತ್ತವೆ. ಮಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆಯಾದರೋ 3000 ಮಿಲಿಮೀಟರಿಗೂ ಹೆಚ್ಚು. ಆ ನೀರು ರಾಶಿಯೊಳಗೆ ಇಳಿದು ಕಪ್ಪು ಕಷಾಯದಂತೆ ಹೊರಬರುತ್ತದೆ. ಇಲ್ಲಿನ ಮುರಕಲ್ಲಿನ ನೆಲ ರಂಧ್ರಮಯವಾದುದು. ಆದುದರಿಂದ ಈ ಕಷಾಯವು ಬಾವಿಗಳಿಗೆ ಇಳಿಯಬಹುದು. ತೋಡುಗಳನ್ನು ಸೇರಿ ಫಲ್ಗುಣಿ ನದಿಗೂ ಹರಿಯಬಹುದು.

ಕೊಡದ ನೀರಿಗೆ ಒಂದು ತೊಟ್ಟು ಮಸಿಯನ್ನು ಬೆರೆಸುವುದು ಸುಲಭ. ಬೆರೆತುದನ್ನು ಹೊರತೆಗೆಯುವುದು ಬಹು ಕಷ್ಟ. ವಿಷದ ಮಾತೂ ಹಾಗೆಯೇ. ಅದು ಒಂದೆಡೆ ಇರುವಾಗಲೇ, ಎಂದರೆ ನಮ್ಮ ಮನೆಯಲ್ಲಿರುವಾಗಲೇ, ಅದನ್ನು ಹಿಡಿದಿಡಬೇಕು.

ಅದಕ್ಕೆ ದೊಡ್ಡ ಸಾಧನವೇನೂ ಬೇಡ. ಇಂಥ ವಸ್ತುಗಳನ್ನು ಮಕ್ಕಳ ಕೈಗೆಟುಕದಂತೆ, ಅವುಗಳ ಮೂಲ ಡಬ್ಬಿಗಳಲ್ಲಿಯೇ ಬೇರೆಯಾಗಿಡಬೇಕು. ಒಂದನ್ನು ಇನ್ನೊಂದರೊಡನೆ ಬೆರೆಸಕೂಡದು. ಲಿಥಿಯಂ ಬ್ಯಾಟರಿಯ ತುದಿಗಳಿಗೆ ಅಂಟುಪಟ್ಟಿ ಸುತ್ತಬೇಕು. ಇಲ್ಲವಾದರೆ ಲೋಹ ತಗುಲಿ ಬೆಂಕಿ ಹುಟ್ಟೀತು. ಸೂಜಿಗಳನ್ನು ದಪ್ಪ ಡಬ್ಬಿಯಲ್ಲಿ ಮುಚ್ಚಿಡಬೇಕು. ಸಿ.ಎಫ್.ಎಲ್. ದೀಪ ಒಡೆದರೆ ಕಿಟಕಿ ತೆರೆದು, ಹತ್ತು ನಿಮಿಷ ಹೊರಗಿದ್ದು, ಚೂರುಗಳನ್ನು ಪೊರಕೆಯಿಂದ ಗುಡಿಸದೆ ಗಟ್ಟಿ ಕಾಗದದಿಂದ ಎತ್ತಿ ಶೀಶೆಯಲ್ಲಿ ಮುಚ್ಚಿಡಬೇಕು. ಯಾವುದನ್ನೂ ಸುಡಕೂಡದು, ಚರಂಡಿಗೆ ಸುರಿಯಕೂಡದು. ಬಳಿಕ ಒಳಗೇನಿದೆಯೆಂದು ಬರೆದಂಟಿಸಿ, ನಗರಪಾಲಿಕೆಯ ಕಸ ಸಂಗ್ರಹಕಾರರಿಗೆ ಪ್ರತ್ಯೇಕವಾಗಿ ಒಪ್ಪಿಸಬೇಕು.

ನಮ್ಮ ಬುಟ್ಟಿಯನ್ನು ಮೊದಲು ಮುಟ್ಟುವುದು ಅವರ ಕೈಗಳು. ಕೊನೆಗೆ ಮುಟ್ಟುವುದು ಯಾರದೋ ಬಾವಿಯ ನೀರು. ಇವೆರಡನ್ನೂ ನೆನೆದು ಕಸವನ್ನು ಬೇರ್ಪಡಿಸೋಣ.