ವರ್ಗ ಮತ್ತು ಮುಂದಾಳುತನ: ಬೆಂಗಳೂರು ದಂಡುಪ್ರದೇಶದ ವಣಿಕ ನಾಯಕರು

ಸಮಾಜದ ಯಾವ ವರ್ಗದಿಂದ ನಾಯಕರು ಬರುತ್ತಾರೆ, ಬಂದ ಮೇಲೆ ಯಾವ ವರ್ಗದ ಹಿತವನ್ನು ಕಾಯುತ್ತಾರೆ ಎಂಬ ಎರಡು ಪ್ರಶ್ನೆಗಳನ್ನು ಒಂದೇ ಪ್ರಶ್ನೆಯೆಂಬಂತೆ ಚರ್ಚಿಸುವುದುಂಟು. ಅಮೆರಿಕದ ಅಧ್ಯಕ್ಷರ ಚರಿತ್ರೆಯನ್ನು ಓದುವವರಿಗೆ ಇವೆರಡೂ ಬೇರೆ ಬೇರೆ ಎಂಬುದು ಬೇಗನೆ ತಿಳಿಯುತ್ತದೆ. ಮರದ ದಿಮ್ಮಿಗಳ ಗುಡಿಸಲಿನಲ್ಲಿ ಹುಟ್ಟಿದ ಅಬ್ರಹಾಂ ಲಿಂಕನ್ನನು ಅಧ್ಯಕ್ಷನಾಗುವ ವೇಳೆಗೆ ರೈಲ್ವೆ ಕಂಪನಿಯ ಪರವಾಗಿಯೂ ವಾದಿಸಿದ್ದ ಹೆಸರಾಂತ ವಕೀಲನಾಗಿದ್ದನು. ಹಡ್ಸನ್ ನದೀತೀರದ ಸಿರಿವಂತ ಮನೆತನದಲ್ಲಿ ಹುಟ್ಟಿದ ಫ್ರಾಂಕ್ಲಿನ್ ರೂಸ್‌ವೆಲ್ಟನಾದರೋ, ೧೯೩೫ರಲ್ಲಿ ಕಾರ್ಮಿಕರ ಸಂಘಟನೆಯ ಹಕ್ಕಿಗೂ ವೃದ್ಧಾಪ್ಯ ವೇತನಕ್ಕೂ ಶಾಸನದ ಆಧಾರವನ್ನೊದಗಿಸಿ, ಸ್ವವರ್ಗದ್ರೋಹಿಯೆಂದು ಸಿರಿವಂತರ ನಿಂದೆಗೆ ಗುರಿಯಾದನು. ಆದುದರಿಂದ ನಾಯಕನೊಬ್ಬನು ಹುಟ್ಟಿದ ವರ್ಗ, ಏರಿದ ವರ್ಗ, ತನ್ನ ಬಲಕ್ಕಾಗಿ ಆಶ್ರಯಿಸಿದ ವರ್ಗ ಈ ಮೂರನ್ನೂ ಬೇರ್ಪಡಿಸಿ ನೋಡುವುದು ಅವಶ್ಯಕ.

ಪ್ರಸ್ತುತ ಲೇಖನದಲ್ಲಿ ಈ ವಿಚಾರವನ್ನು ನಮಗೆ ಸಮೀಪವಾದ ಬೆಂಗಳೂರಿನ ದಂಡುಪ್ರದೇಶಕ್ಕೆ ಅನ್ವಯಿಸಿ ವಿವೇಚಿಸಲು ಯತ್ನಿಸಿದ್ದೇವೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಯನ್ನು ಇದಕ್ಕೆ ಸಾಕ್ಷಿಯಾಗಿ ತೆಗೆದುಕೊಂಡಿದ್ದೇವೆ.

೧. ದಂಡಿನ ಸಮಾಜ

ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಸೈನ್ಯವು ಬೆಂಗಳೂರಿಗೆ ವರ್ಗವಾಗಿ, ೧೮೦೯ರ ವೇಳೆಗೆ ಹಲಸೂರಿನ ಬಳಿ ದಂಡು ನೆಲೆಗೊಂಡಿತು. ಸೈನ್ಯದ ಬೆನ್ನ ಹಿಂದೆಯೇ ಅದಕ್ಕೆ ಅಕ್ಕಿ, ಮಾಂಸ, ಹುಲ್ಲು, ಬಟ್ಟೆ ಒದಗಿಸುವ ವ್ಯಾಪಾರಿಗಳೂ ಕೂಲಿಕಾರರೂ ಬಂದರು. ಇವರಲ್ಲಿ ಮದರಾಸು ಪ್ರಾಂತದ ತಮಿಳರೂ ದಖನಿ ಮಾತನಾಡುವ ಮುಸಲ್ಮಾನರೂ ಹೆಚ್ಚು ಸಂಖ್ಯೆಯಲ್ಲಿದ್ದರು. ೧೮೬೪ರಲ್ಲಿ ಜೋಲಾರಪೇಟೆಯಿಂದ ರೈಲುದಾರಿ ಬಂದಾಗ ಈ ಸಂಬಂಧವು ಇನ್ನಷ್ಟು ಬಲಗೊಂಡಿತು. ಪಡುವಣದ ಪೇಟೆಗೂ ಮೂಡಣದ ದಂಡಿಗೂ ಭಾಷೆ, ಆಡಳಿತ, ಜೀವನಕ್ರಮ ಎಲ್ಲವೂ ಭಿನ್ನವಾಗಿ ಬೆಳೆದವು.

೧೮೮೧ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಬ್ರಿಟಿಷರು ದಂಡನ್ನು ತಮ್ಮ ಕೈಯಲ್ಲೇ ಉಳಿಸಿಕೊಂಡರು. ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಅದು ರೆಸಿಡೆಂಟರ ಆಡಳಿತಕ್ಕೊಳಪಟ್ಟಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿ, ರೈತರನ್ನೂ ವರ್ತಕರನ್ನೂ ಕರೆಸಿ ಅವರ ಅಹವಾಲುಗಳನ್ನು ಕೇಳುವ ಪದ್ಧತಿಯನ್ನು ಆರಂಭಿಸಿದರು. ಅಲ್ಲಿಯೂ ಆಸ್ತಿಯುಳ್ಳವರಿಗೇ ಪ್ರಾಧಾನ್ಯವಿತ್ತೆಂಬುದು ನಿಜ. ಆದರೂ ಅದೊಂದು ವೇದಿಕೆ. ಆ ಸಭೆಯ ವ್ಯಾಪ್ತಿಗೆ ದಂಡು ಸೇರಿರಲಿಲ್ಲ.

ಹೀಗಿರಲು ಇಲ್ಲಿ ನಾಯಕತ್ವಕ್ಕೆ ದಾರಿಯಾವುದು? ಜಮೀನ್ದಾರಿ ಮನೆತನಗಳು ಇಲ್ಲಿಲ್ಲ, ಅರಮನೆಯ ಆಸ್ಥಾನವಿಲ್ಲ, ಮಠಾಧಿಪತಿಗಳ ಪ್ರಭಾವವೂ ವಿರಳ. ಪುರಸಭೆಯಿತ್ತು, ಆದರೆ ಕೊನೆಯ ಮಾತು ಬ್ರಿಟಿಷ್ ಅಧಿಕಾರಿಗಳದು. ಉಳಿದುದು ಹಣ, ಮತ್ತು ಆ ಹಣವನ್ನು ಗಳಿಸಿಕೊಟ್ಟ ಸರಕಾರದ ಸಂಪರ್ಕ.

೨. ವಣಿಕರು ಮುಂದಾಳುಗಳಾದ ಬಗೆ

ರಾಯಬಹಾದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರ (೧೮೨೭–೧೯೧೦) ಜೀವನವು ಈ ಕ್ರಮಕ್ಕೆ ಒಳ್ಳೆಯ ನಿದರ್ಶನ. ಸಣ್ಣ ವ್ಯಾಪಾರದಿಂದ ಮೇಲೆ ಬಂದ ಅವರು ಸರಕಾರಿ ಕಟ್ಟಡಗಳ ಗುತ್ತಿಗೆದಾರರಾದರು. ಇಂದು ಉಚ್ಚ ನ್ಯಾಯಾಲಯವಿರುವ ಅಠಾರಾ ಕಚೇರಿಯನ್ನು ೧೮೬೪ರಿಂದ ೧೮೬೮ರ ಅವಧಿಯಲ್ಲಿ ಕಟ್ಟಿಸಿದ ಗುತ್ತಿಗೆದಾರರು ಅವರೇ. ೧೮೭೩ರಲ್ಲಿ ಬಡಮಕ್ಕಳಿಗಾಗಿ ಉಚಿತ ಶಾಲೆಯೊಂದನ್ನು ತೆರೆದರು. ಅವರ ಹೆಸರಿನ ವಿದ್ಯಾಸಂಸ್ಥೆಗಳು ಅದರಿಂದ ಬೆಳೆದವು. ೧೮೭೭ರಲ್ಲಿ ‘ರಾಯಬಹಾದ್ದೂರ್’ ಬಿರುದು ದೊರೆಯಿತು.

ಮುಂದಿನ ತಲೆಮಾರಿನಲ್ಲಿ ಕಚ್ಚಿ ಮೆಮನ್ ಸಮುದಾಯದ ವರ್ತಕರಾದ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರು ಇದೇ ಸ್ಥಾನವನ್ನು ಪಡೆದರು. ಮೈಸೂರು ಮಹಾರಾಜರು ಅವರಿಗೆ ‘ಫಕ್ರುತ್ತುಜ್ಜಾರ್’, ಎಂದರೆ ವರ್ತಕರ ಹೆಮ್ಮೆ, ಎಂಬ ಬಿರುದನ್ನಿತ್ತರು. ಬ್ರಿಟಿಷ್ ಸರಕಾರ ‘ಸರ್’ ಪದವಿಯನ್ನಿತ್ತಿತು. ಗೋಷಾ ಪಾಲಿಸುವ ಸ್ತ್ರೀಯರು ಪರಪುರುಷರಿರುವ ಆಸ್ಪತ್ರೆಗೆ ಹೋಗಲಾರದೆ ಹೆರಿಗೆಯ ಕಾಲದಲ್ಲಿ ಪಡುತ್ತಿದ್ದ ಸಂಕಟವನ್ನು ಮನಗಂಡು, ಅವರಿಗೆಂದೇ ಒಂದು ಆಸ್ಪತ್ರೆಗೆ ದ್ರವ್ಯವನ್ನೊದಗಿಸಿದರು. ಅದು ಇಂದಿಗೂ ಅವರ ಹೆಸರಿನಲ್ಲೇ ಇದೆ.

ಈ ಎರಡು ಚರಿತ್ರೆಗಳನ್ನು ಒಟ್ಟಿಗೆ ನೋಡಿದರೆ ನಾಲ್ಕು ಮೆಟ್ಟಿಲುಗಳು ಗೋಚರಿಸುತ್ತವೆ. ಮೊದಲನೆಯದು, ದಂಡಿನ ಅಗತ್ಯಗಳಿಂದ ಹುಟ್ಟಿದ ಸಂಪತ್ತು. ಎರಡನೆಯದು, ಶಾಲೆ, ಆಸ್ಪತ್ರೆ, ಧರ್ಮಸಂಸ್ಥೆಗಳ ಮೂಲಕ ಆ ಸಂಪತ್ತಿಗೆ ದೊರೆತ ಜನಮನ್ನಣೆ. ಮೂರನೆಯದು, ಆ ಮನ್ನಣೆಗೆ ಸರಕಾರ ಹಾಕಿದ ಬಿರುದಿನ ಮುದ್ರೆ. ನಾಲ್ಕನೆಯದು, ಬಿರುದಿನಿಂದ ಲಭಿಸಿದ ಮಧ್ಯಸ್ಥನ ಸ್ಥಾನ: ಜನರ ಕಷ್ಟವನ್ನು ಅಧಿಕಾರಿಗಳಿಗೂ ಅಧಿಕಾರಿಗಳ ಇಂಗಿತವನ್ನು ಜನರಿಗೂ ತಿಳಿಸುವವರು ಇವರೇ. ಈ ಕೊಡುಗೆಗಳನ್ನು ಕೇವಲ ಸ್ವಾರ್ಥವೆಂದು ಹಳಿಯುವುದು ಅನ್ಯಾಯ. ದಾನಧರ್ಮದ ಪ್ರಾಚೀನ ಸಂಪ್ರದಾಯವೂ ಅದರಲ್ಲಿತ್ತು. ಆದರೆ ಅವುಗಳಿಂದ ರೂಪುಗೊಂಡ ನಾಯಕತ್ವವು ಕೊಡುವವನ ನಾಯಕತ್ವ. ಪಡೆದವರಿಗೆ ಕೃತಜ್ಞತೆಗೆ ಅವಕಾಶವಿತ್ತು. ಲೆಕ್ಕ ಕೇಳುವ ಅಧಿಕಾರವಿರಲಿಲ್ಲ.

೩. ಮಾರುಕಟ್ಟೆಯ ಸಾಕ್ಷ್ಯ

ಹಿಂದೆ ಬ್ಲ್ಯಾಕ್‌ಪಲ್ಲಿಯೆನಿಸಿಕೊಂಡಿದ್ದ ಈಗಿನ ಶಿವಾಜಿನಗರದಲ್ಲಿ ಪುರಸಭೆಯು ೧೯೨೭ರಲ್ಲಿ ಈ ಮಾರುಕಟ್ಟೆಯನ್ನು ಕಟ್ಟಿಸಿತು. ಇಂಡೋ-ಸಾರಸೆನಿಕ್ ಶೈಲಿಯ ಈ ಕಟ್ಟಡದಲ್ಲಿ ತರಕಾರಿ, ಹಣ್ಣು, ಹೂವು, ಮಾಂಸ, ಮೀನು ಎಲ್ಲಕ್ಕೂ ಎಡೆಯಿತ್ತು. ಆಗ ಪುರಸಭೆಯ ಕಮಿಷನರಾಗಿದ್ದ ಟಿ. ಬಿ. ರಸೆಲ್ ಅವರ ಹೆಸರನ್ನು ಅದಕ್ಕೆ ಇಡಲಾಯಿತು. ೧೯೩೩ರಲ್ಲಿ ಅದರ ಉದ್ಘಾಟನೆಯನ್ನು ನೆರವೇರಿಸಿದವರು ಇಸ್ಮಾಯಿಲ್ ಸೇಠ್ ಅವರು.

ಈ ಒಂದು ಸಂಗತಿಯಲ್ಲೇ ದಂಡಿನ ಸಮಾಜದ ಶ್ರೇಣಿಯೆಲ್ಲ ಅಡಗಿದೆ. ಹೆಸರು ಅಧಿಕಾರಿಯದು, ಬಾಗಿಲು ತೆರೆಯುವ ಗೌರವ ವರ್ತಕಶ್ರೇಷ್ಠನದು, ಒಳಗೆ ಕುಳಿತು ದುಡಿಯುವ ಹೂವಿನವಳು, ತರಕಾರಿಯವನು, ಕಟುಕ, ಹಮಾಲಿ ಇವರಿಗೆ ದೊರೆತುದು ಕಟ್ಟೆ, ಅದರ ಬಾಡಿಗೆ. ಗಾಳಿ ಬೆಳಕುಳ್ಳ ಮಾರುಕಟ್ಟೆಯಿಂದ ಅವರಿಗೆ ಲಾಭವಾಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಲಾಭವು ಮೇಲಿನಿಂದ ಬಂದದ್ದು. ರೂಸ್‌ವೆಲ್ಟನು ಅಧ್ಯಕ್ಷಪದವಿಯನ್ನೇರಿದುದೂ ೧೯೩೩ರಲ್ಲಿಯೇ. ಅವನೂ ಸಿರಿವಂತನೇ, ಆದರೆ ಅವನು ಕಾರ್ಮಿಕರ ಮತದಿಂದ ಗೆದ್ದವನಾದುದರಿಂದ ಅವರಿಗೆ ಉತ್ತರ ಹೇಳಲೇಬೇಕಾಗಿತ್ತು. ನಮ್ಮ ವರ್ತಕ ಮುಂದಾಳುಗಳಿಗೆ ಔದಾರ್ಯದ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಈ ಬಂಧನದ್ದು.

೪. ಮತದಾನದ ನಂತರ

೧೯೪೭ರಲ್ಲಿ ದಂಡು ಮೈಸೂರಿಗೆ ಮರಳಿತು. ೧೯೪೯ರಲ್ಲಿ ಎರಡು ಪುರಸಭೆಗಳೂ ಕೂಡಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು. ೧೯೫೨ರ ಮಹಾಚುನಾವಣೆಯಲ್ಲಿ ವಯಸ್ಕರೆಲ್ಲರೂ ಮತ ಹಾಕಿದರು. ಹಿಂದೆ ಕೊಟ್ಟು ನಾಯಕರಾಗುತ್ತಿದ್ದರು. ಇನ್ನು ಮುಂದೆ ಕೇಳಿ ನಾಯಕರಾಗಬೇಕಾಯಿತು.

ಇದರಿಂದ ವರ್ಗಪ್ರಭಾವವು ಅಳಿಯಿತೆಂದು ಭಾವಿಸಲಾಗದು. ರಾಜ್ಯದ ಮೊದಲ ಮುಖ್ಯಮಂತ್ರಿಗಳಾದ ಕೆ. ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಎಸ್. ನಿಜಲಿಂಗಪ್ಪ, ಬಿ. ಡಿ. ಜತ್ತಿ ಇವರೆಲ್ಲರೂ ವಕೀಲರು. ಭೂಹಿಡುವಳಿಯಲ್ಲಿಯೂ ಸಂಖ್ಯೆಯಲ್ಲಿಯೂ ಪ್ರಬಲವಾದ ಸಮುದಾಯಗಳಿಂದ ಬಂದವರು. ೧೯೭೨ರಲ್ಲಿ ಮುಖ್ಯಮಂತ್ರಿಯಾದ ಡಿ. ದೇವರಾಜ ಅರಸು ಅವರಾದರೋ ರಾಜಮನೆತನಕ್ಕೆ ಹತ್ತಿರದ, ಸಂಖ್ಯೆಯಲ್ಲಿ ತೀರ ಚಿಕ್ಕದಾದ ಸಮುದಾಯದವರು. ಸ್ವಜನರ ಮತಗಳನ್ನಷ್ಟೇ ನೆಚ್ಚುವಂತಿರಲಿಲ್ಲವಾಗಿ ಹಿಂದುಳಿದ ವರ್ಗಗಳನ್ನು ಆಶ್ರಯಿಸಿದರು. ೧೯೭೪ರ ಭೂಸುಧಾರಣೆಯಿಂದ ಗೇಣಿದಾರರಿಗೆ ನೆಲದ ಹಕ್ಕು ದೊರೆಯುವಂತೆ ಮಾಡಿದರು. ರೂಸ್‌ವೆಲ್ಟನ ವಿಷಯದಲ್ಲಿ ಕಂಡ ನ್ಯಾಯವೇ ಇಲ್ಲಿಯೂ ಕಾಣುತ್ತದೆ: ನಾಯಕನ ನಡೆಯನ್ನು ಅವನ ಹುಟ್ಟಿಗಿಂತ ಅವನ ಬಲದ ಮೂಲವು ಹೆಚ್ಚು ಸ್ಪಷ್ಟವಾಗಿ ವಿವರಿಸುತ್ತದೆ.

೨೦೧೨ರ ಫೆಬ್ರವರಿಯಲ್ಲಿ ರಸೆಲ್ ಮಾರುಕಟ್ಟೆಗೆ ಬೆಂಕಿ ಬಿದ್ದು ಅನೇಕ ಮಳಿಗೆಗಳು ಸುಟ್ಟುಹೋದವು. ಆಗ ಅಂಗಡಿಕಾರರ ಪರವಾಗಿ ಮಾತನಾಡಲು ಬಿರುದಾಂಕಿತ ಮಧ್ಯಸ್ಥರು ಬೇಕಾಗಲಿಲ್ಲ. ವ್ಯಾಪಾರಿಗಳ ಸಂಘವೇ ಮಾತನಾಡಿತು. ದಂಡಿನ ಚರಿತ್ರೆಯನ್ನು ದಾನಿಗಳ ಹೆಸರು ಹೊತ್ತ ಕಟ್ಟಡಗಳಿಂದ ಬರೆಯುವುದು ಸುಲಭ. ಆ ಕಟ್ಟೆಗಳ ಮೇಲೆ ಕುಳಿತವರು ಯಾವಾಗ, ಹೇಗೆ ತಮ್ಮ ಮಾತನ್ನು ತಾವೇ ಆಡತೊಡಗಿದರೆಂಬುದನ್ನು ಪುರಸಭೆಯ ಕಡತಗಳಿಂದಲೂ ಹಿರಿಯ ವ್ಯಾಪಾರಿಗಳ ನೆನಪುಗಳಿಂದಲೂ ಸಂಗ್ರಹಿಸುವ ಕೆಲಸ ಇನ್ನೂ ಬಾಕಿಯಿದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಈ ಕಾರ್ಯಕ್ಕೆ ಕೈಹಾಕಿದರೆ ಪ್ರಾದೇಶಿಕ ಇತಿಹಾಸಕ್ಕೆ ಮಹದುಪಕಾರವಾಗುವುದೆಂದು ನಂಬಿದ್ದೇವೆ.